ಸಭಾಪಾಲಕರ ಮನೆಯಲ್ಲಿ ಬೆಳೆದವರಿಗೆ ಒಂದು ಪ್ರಶ್ನೆ: ಆ ಮನೆಯಿಂದ ನಿಮ್ಮ ವಿಶ್ವಾಸಕ್ಕೆ ಸಿಕ್ಕಿದ್ದೇನು?

ಹಂಚಿನಮನೆ ಮಗಳು

ನನ್ನ ತಂದೆಯವರು ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯ ಆರು ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಸಭಾಪಾಲಕರಾಗಿದ್ದು (ಪಾದ್ರಿಗಳಾಗಿದ್ದು) ನಿವೃತ್ತರಾದವರು. ಹುಟ್ಟಿದಂದಿನಿಂದ ಮದುವೆಯಾಗುವವರೆಗೆ ನಾನು ವಾಸಿಸಿದ ಮನೆಗಳಲ್ಲಿ ಒಂದೂ ನಮ್ಮದಲ್ಲ. ಎಲ್ಲವೂ ಸಭೆಯವು, ಎಲ್ಲಕ್ಕೂ ಹಂಚಿನ ಮಾಡು, ಎಲ್ಲದರ ಜಗಲಿಯಲ್ಲಿಯೂ ಹೊತ್ತುಗೊತ್ತಿಲ್ಲದೆ ಯಾರಾದರೊಬ್ಬರು ಕುಳಿತು "ಅಯ್ಯನವರು ಇದ್ದಾರೆಯೇ" ಎಂದು ಕೇಳುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನನ್ನ ಪತಿ ನಲವತ್ತರ ವಯಸ್ಸಿನಲ್ಲಿ ರಾಜೀನಾಮೆ ಕೊಟ್ಟು, ದೇವಶಾಸ್ತ್ರ ಓದಿ, ಸಭಾಸೇವೆಗೆ ಹೋಗಬೇಕೆಂದಿದ್ದಾರೆ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಕಳೆದ ತಿಂಗಳು ಅತ್ತೆ ಮಾವ "ಮಕ್ಕಳ ಗತಿಯೇನು" ಎಂದು ಕೇಳಿದಾಗ ಅವರು ನನ್ನತ್ತ ಕೈ ತೋರಿಸಿ, "ಇವಳು ಅಂಥ ಮನೆಯಲ್ಲೇ ಬೆಳೆದವಳಲ್ಲವೇ, ಆತ್ಮಿಕವಾಗಿ ಎಷ್ಟು ಲಾಭವಾಗಿದೆಯೆಂದು ಇವಳನ್ನೇ ಕೇಳಿ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋದೆ.

ಒಲೆಯ ಮುಂದೆ ನಿಂತು ಲೆಕ್ಕ ಹಾಕಿದೆ. ಸತ್ಯವೇದದ, ಅಂದರೆ ಬೈಬಲಿನ, ವಚನಗಳು ಬಾಯಿಗೆ ಬರುತ್ತವೆ, ಹಾಡುಗಳ ಪುಸ್ತಕ ತೆರೆಯದೆ ಹಾಡಬಲ್ಲೆ, ಮಲಗುವ ಮುಂಚೆ ಪ್ರಾರ್ಥಿಸದಿದ್ದರೆ ನಿದ್ದೆ ಹತ್ತುವುದಿಲ್ಲ. ಆದರೆ ಸಂಡೇಸ್ಕೂಲಿಗೆ ತಪ್ಪದೆ ಬಂದ ಯಾವ ಮಗುವಿಗಾದರೂ ಇಷ್ಟು ಸಿಗುತ್ತದೆ. ಇನ್ನೊಂದು ಬದಿಯಲ್ಲಿ ಆರು ಶಾಲೆಗಳು, ಪ್ರತಿ ಸಲವೂ ಹೊಸದಾಗಿ ಹುಡುಕಬೇಕಾದ ಸ್ನೇಹಿತೆಯರು, ಸುಗ್ಗಿಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೂ ಬೆಲೆ ಕೂಗಲಾಗದೆ ನಗುತ್ತ ನಿಂತಿರುತ್ತಿದ್ದ ಅಪ್ಪ, ಮತ್ತು "ಅಯ್ಯನವರ ಮಗಳಾಗಿ ಹೀಗೆ ಮಾಡಬಹುದೇ" ಎಂಬ ಆ ಒಂದು ವಾಕ್ಯ. ಅಂಥ ಮನೆಗಳಲ್ಲಿ ಬೆಳೆದವರು ದಯವಿಟ್ಟು ಪ್ರಾಮಾಣಿಕವಾಗಿ ಹೇಳಿರಿ: ಬೇರೆ ಮನೆಯಲ್ಲಿ ಹುಟ್ಟಿದ್ದರೆ ಸಿಗದೇ ಇರುತ್ತಿದ್ದದ್ದು ಏನಾದರೂ ನಿಮಗೆ ಅಲ್ಲಿ ಸಿಕ್ಕಿದೆಯೇ?

ಬೆಟಗೇರಿಯವ

ನಮ್ಮಜ್ಜ ಉಪದೇಶಿ, ಅಪ್ಪ ಸಭಾಪಾಲಕ, ನಾನು ಲೆಕ್ಕಪರಿಶೋಧಕ. ಆದುದರಿಂದ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ. ನೀವು ಬಾಯಿಪಾಠವನ್ನು ಚಿಲ್ಲರೆಯೆಂದು ತಳ್ಳಿಹಾಕಿದ್ದು ಸರಿಯಲ್ಲ. ನಮ್ಮ ಮನೆಯಲ್ಲಿ ರಾತ್ರಿಯೂಟಕ್ಕೆ ಮೊದಲು ಒಬ್ಬೊಬ್ಬರು ಒಂದೊಂದು ವಚನದಂತೆ ಸರದಿಯಲ್ಲಿ ಓದಬೇಕಾಗಿತ್ತು, ತಪ್ಪಿ ಓದಿದವರು ಮತ್ತೆ ಮೊದಲಿನಿಂದ ಓದಬೇಕಾಗಿತ್ತು. ಇಪ್ಪತ್ತಮೂರನೆಯ ಕೀರ್ತನೆಯ "ಕೊರತೆಪಡೆನು" ಎಂಬ ಪದದ ಅರ್ಥ ನನಗೆ ಏಳನೆಯ ವಯಸ್ಸಿನಲ್ಲಿ ತಿಳಿಯದೆ, ಅದು ಯಾವುದೋ ಊರಿನ ಹೆಸರೆಂದುಕೊಂಡಿದ್ದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆಂದು ನನ್ನನ್ನು ಗಾಲಿಮಂಚದ ಮೇಲೆ ಒಳಗೆ ತಳ್ಳಿಕೊಂಡು ಹೋಗುವಾಗ, ಯಾವ ಪ್ರಾರ್ಥನೆಯೂ ನೆನಪಿಗೆ ಬಾರದೆ ಆ ಊರಿನ ಹೆಸರೊಂದೇ ನಾಲಿಗೆಯ ಮೇಲೆ ಬಂದಿತು. ಅದೇ ಸಾಕಾಯಿತು.

ಕುಸ್ವಾರ್ ತಟ್ಟೆ

ಡಿಸೆಂಬರ್ ತಿಂಗಳಲ್ಲಿ ಸಭೆಯ ಪ್ರತಿಯೊಂದು ಮನೆಯಿಂದಲೂ ಕಲ್ಕಲ್, ರೋಸ್ ಕುಕ್ಕಿ, ಕೇಕು ಬರುತ್ತಿದ್ದುದನ್ನು ಯಾರೂ ಆತ್ಮಿಕ ಲಾಭದ ಪಟ್ಟಿಗೆ ಸೇರಿಸದಿರುವುದು ನನಗೆ ಆಶ್ಚರ್ಯವನ್ನು ಉಂಟುಮಾಡಿದೆ.

ಏಲಿಯ ಮೂರನೇ ಮಗ

ನಾನು "ಲಾಭ" ಎಂಬ ಮಾತನ್ನೇ ಒಪ್ಪುವುದಿಲ್ಲ. ಸತ್ಯವೇದವನ್ನೇ ತೆರೆದು ನೋಡಿ: ಶೀಲೋವಿನ ಯಾಜಕನಾದ ಏಲಿಯ ಮಕ್ಕಳು ಹೊಫ್ನಿ ಮತ್ತು ಫೀನೆಹಾಸರು ಯಜ್ಞದ ಮಾಂಸವನ್ನು ಕೊಬ್ಬು ಹೋಮವಾಗುವುದಕ್ಕೆ ಮುಂಚೆಯೇ ಕಸಿದುಕೊಳ್ಳುತ್ತಿದ್ದರು, ಮುಂದೆ ಪ್ರವಾದಿಯಾದ ಸಮುವೇಲನ ಮಕ್ಕಳೂ ಅವರ ಹಾಗೆಯೇ ಆದರು. ದೇವಾಲಯದ ಅಂಗಳದಲ್ಲಿ ಆಡಿ ಬೆಳೆದವರಿಗೆ ದೇವಾಲಯ ಆಟದ ಬಯಲಾಗಿಬಿಡುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹದಿನಾಲ್ಕನೆಯ ವಯಸ್ಸಿನಲ್ಲಿ ನನಗೆ ದೃಢೀಕರಣವಾಯಿತು, ಅಂದರೆ ವಿಶ್ವಾಸವನ್ನು ಸ್ವಂತ ಬಾಯಿಂದ ಒಪ್ಪಿಕೊಳ್ಳುವ ಸಂಸ್ಕಾರ. ತರಗತಿಯ ಉಳಿದ ಎಲ್ಲರಿಗೂ "ನಿಮಗೆ ಮನಸ್ಸಿದೆಯೇ" ಎಂದು ಕೇಳಿದರು, ನನಗೆ ಕೇಳಲಿಲ್ಲ. ಏಕೆಂದರೆ ಕೇಳುತ್ತಿದ್ದವರು ನನ್ನ ತಂದೆ. ಅಲ್ಲಿಂದ ಐದು ವರ್ಷಕ್ಕೆ ಸಭೆ ಬಿಟ್ಟೆ, ಹನ್ನೆರಡು ವರ್ಷ ಕಾಲಿಡಲಿಲ್ಲ. ಹಂಚಿನಮನೆ ಮಗಳೇ, ನಿಮ್ಮ ಪತಿಗೆ ದೇವರ ಕರೆ ಬಂದಿರಬಹುದು, ನಿಮ್ಮ ಮಕ್ಕಳಿಗೆ ಬಂದಿಲ್ಲ.

ಹಳೆಯ ಕಡತ

ಏಲಿಯ ಮೂರನೇ ಮಗನವರ ಮಾತಿನಲ್ಲಿ ಒಂದು ತಿದ್ದುಪಡಿ ಅಗತ್ಯ. ಸಮುವೇಲನ ಮಕ್ಕಳಾದ ಯೋವೇಲ ಮತ್ತು ಅಬೀಯರು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿದ್ದು ಲಂಚ ತೆಗೆದುಕೊಂಡರು. ಅದು ಬೇರೆಯ ಅಪರಾಧ, ಅದಕ್ಕಾಗಿ ಸಮುವೇಲನನ್ನು ಯಾರೂ ಗದರಿಸಿದಂತೆ ಬರೆದಿಲ್ಲ. ಏಲಿಗಾದರೋ "ನನಗಿಂತ ನಿನ್ನ ಮಕ್ಕಳನ್ನು ಹೆಚ್ಚಾಗಿ ಸನ್ಮಾನಿಸಿದೆ" ಎಂಬರ್ಥದ ಕಠಿಣ ಮಾತು ದೇವರಿಂದ ಬಂದಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಇನ್ನು ಚರಿತ್ರೆಯ ಮಾತು. ನಮ್ಮ ನಾಡಿಗೂ ಪಾದ್ರಿಯ ಮನೆಗೂ ಇರುವ ನಂಟು ಸಣ್ಣದಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕನ್ನಡ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲರು ಉತ್ತರ ಜರ್ಮನಿಯ ಒಬ್ಬ ಪಾದ್ರಿಯ ಮಗ. ಸಾವಿರಾರು ಪದಗಳಿಗಾಗಿ ದಶಕಗಳ ಕಾಲ ಮೇಜಿನ ಮುಂದೆ ಕೂರುವ ಶಿಸ್ತು ಅಂಥ ಮನೆಯಲ್ಲಿ ಕಲಿತದ್ದೆಂದು ನಾನು ನಂಬುತ್ತೇನೆ. ಅದೇ ಮಿಶನ್ನಿಗೆ ಸೇರಿದ ಮನೆಯಲ್ಲಿ ನಮ್ಮ ಮಂಗಳೂರಿನಲ್ಲಿಯೇ ಹುಟ್ಟಿದ ಜರ್ಮನ್ ಸಾಹಿತಿ ಹರ್ಮನ್ ಹೆಸ್ಸೆ ಮುಂದೆ ನೊಬೆಲ್ ಪಡೆದರು.

ಬೆಟಗೇರಿಯವ

ಇತರರನ್ನು ತಿದ್ದುವವರು ತಾವೂ ಸ್ವಲ್ಪ ಜಾಗರೂಕರಾಗಿರಬೇಕು. ಹೆಸ್ಸೆ ಹುಟ್ಟಿದ್ದು ಮಂಗಳೂರಿನಲ್ಲಿ ಅಲ್ಲ, 1877ರಲ್ಲಿ ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ. ಮಂಗಳೂರಿನಲ್ಲಿ ಕೆಲಸ ಮಾಡಿದ್ದವರು ಅವರ ತಂದೆ ಯೋಹಾನ್ನೆಸ್. ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದರು. ತಾಯಿ ಮೇರಿ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ, ಮಲಯಾಳಂ ನಿಘಂಟು ಮಾಡಿದ ಗುಂಡರ್ಟರ ಮಗಳಾಗಿ. ಮತ್ತು ನೀವು ಕೊಟ್ಟ ಉದಾಹರಣೆ ನಿಮ್ಮ ವಾದಕ್ಕೇ ವಿರುದ್ಧವಾಗಿದೆ: ಪಾದ್ರಿಯಾಗಲೆಂದು ಮಾಲ್‌ಬ್ರೋನಿನ ಶಾಲೆಗೆ ಕಳುಹಿಸಿದರೆ ಆ ಹುಡುಗ 1892ರಲ್ಲಿ ಅಲ್ಲಿಂದ ಓಡಿಹೋದ.

ಹಳೆಯ ಕಡತ

ತಪ್ಪು ನನ್ನದು, ಒಪ್ಪಿದೆ. ಆದರೆ ತಾಯಿಯ ಹೆಸರನ್ನು ನೀವೇ ಎತ್ತಿದ್ದರಿಂದ ಒಂದು ಮಾತು. ಆ ಕಾಲದ ಮಿಶನರಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಅನೇಕ ಮಕ್ಕಳಿಗೆ ತಂದೆತಾಯಿ ಎಂದರೆ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ ಬರುವ ಕಾಗದ ಮಾತ್ರ. ಮೇರಿ ಗುಂಡರ್ಟಳೂ ಹಾಗೆ ಅಲ್ಲಿ ಬೆಳೆದು, 1857ರಲ್ಲಿ ಹದಿನೈದರ ಹುಡುಗಿಯಾಗಿ ಮರಳಿ ಬಂದವಳು. ನಮ್ಮ ಊರುಗಳ ಹಳೆಯ ಮಿಶನ್ ಬಂಗಲೆಗಳನ್ನು ನೋಡುವಾಗ ಅವುಗಳ ಅಂಗಳದಲ್ಲಿ ಇಲ್ಲದ ಮಕ್ಕಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಶಾಲೆ ಬದಲಾಯಿಸುವ ಕಷ್ಟವನ್ನು ಅದರ ಪಕ್ಕದಲ್ಲಿಟ್ಟು ನೋಡಿರಿ.

ಏಲಿಯ ಮೂರನೇ ಮಗ

ನೂರೈವತ್ತು ವರ್ಷದ ಹಿಂದಿನವರಿಗೆ ಹೆಚ್ಚು ನೋವಾಗಿತ್ತು ಎಂಬುದರಿಂದ ಇಂದಿನವರ ನೋವು ಕಡಿಮೆಯಾಗುವುದಿಲ್ಲ.

ಬೀದರಿನ ಪೆಟ್ಟಿಗೆ

ನಾವು ಮೆಥೊಡಿಸ್ಟರು, ನಮ್ಮಲ್ಲಿ ವಾರ್ಷಿಕ ಸಮ್ಮೇಳನದ ಕೊನೆಯಲ್ಲಿ ಬಿಷಪ್ಪರು ನೇಮಕಾತಿಯ ಪಟ್ಟಿಯನ್ನು ಓದುವ ತನಕ ಮುಂದಿನ ವರ್ಷ ಯಾವ ಊರಿನಲ್ಲಿರುತ್ತೇವೆಂದು ಅಮ್ಮನಿಗೂ ಗೊತ್ತಿರುತ್ತಿರಲಿಲ್ಲ. ಬೀದರ್, ಹುಮನಾಬಾದ್, ಯಾದಗಿರಿ, ರಾಯಚೂರು ಎಲ್ಲವೂ ನನಗೆ ಮೊದಲು ಪಟ್ಟಿಯ ಹೆಸರುಗಳು, ಆಮೇಲೆ ಊರುಗಳು. ಮದುವೆಯಲ್ಲಿ ತವರಿನಿಂದ ಬಂದ ಮರದ ಬೀರು ಪ್ರತಿ ವರ್ಗಾವಣೆಯಲ್ಲಿಯೂ ಒಂದೊಂದು ಕಾಲು ಕಳೆದುಕೊಂಡು ಕೊನೆಗೆ ನಾಲ್ಕು ಇಟ್ಟಿಗೆಗಳ ಮೇಲೆ ನಿಂತಿತ್ತು.

ಹಂಚಿನಮನೆ ಮಗಳು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅಡುಗೆಮನೆಯಲ್ಲಿದೆ. ನಮ್ಮ ಹಳ್ಳಿಯ ಸಭೆಗಳಲ್ಲಿ ಬಹುಪಾಲು ಜನರು ಊರ ಹೊರಗಿನ ಕೇರಿಗಳಿಂದ ಬಂದವರು. ಶಾಲೆಯಲ್ಲಿ ನನ್ನ ಪಕ್ಕ ಕೂರದ ಹುಡುಗರಿದ್ದರು, ನೀರು ಕೊಡುವಾಗ ಕೈ ಎತ್ತರಿಸಿ ಸುರಿಯುವ ಮನೆಗಳಿದ್ದವು. ಆದರೆ ಸಭಾಪಾಲಕರ ಮನೆಯೊಳಕ್ಕೆ, ಒಲೆಯವರೆಗೂ, ಎಲ್ಲರೂ ಬರುತ್ತಿದ್ದರು. ಜಿಲ್ಲಾ ಅಧಿಕಾರಿಯೂ ಬಂದ, ಕೂಲಿಯ ಮುದುಕಿಯೂ ಬಂದಳು, ಇಬ್ಬರಿಗೂ ಒಂದೇ ಬಗೆಯ ತಟ್ಟೆ. ಅಮ್ಮ ಅದರ ಬಗ್ಗೆ ಒಂದು ದಿನವೂ ಉಪದೇಶ ಮಾಡಲಿಲ್ಲ, ತಟ್ಟೆ ತೊಳೆಯುವ ಪಾಳಿ ಮಾತ್ರ ನನ್ನದಾಗಿತ್ತು. "ಕ್ರಿಸ್ತನಲ್ಲಿ ಎಲ್ಲರೂ ಒಂದೇ" ಎಂಬ ವಾಕ್ಯವನ್ನು ಸಂಡೇಸ್ಕೂಲಿನ ಮಕ್ಕಳು ಓದಿ ಕಲಿತರು, ನಾನು ತೊಳೆದು ಕಲಿತೆ.

ಅಕ್ಕಿಡಬ್ಬಿ

ನೀವೆಲ್ಲರೂ ಡಯಾಸಿಸು, ಕಾನ್ಫರೆನ್ಸು, ಸಂಬಳ, ಬಂಗಲೆ ಎಂದು ಮಾತನಾಡುತ್ತಿದ್ದೀರಿ. ಸ್ವತಂತ್ರ ಪೆಂತೆಕೊಸ್ತ ಸಭೆಯ ಪಾಸ್ಟರರ ಮಗಳಾದ ನನಗೆ ಅದೆಲ್ಲವೂ ಸರ್ಕಾರಿ ನೌಕರಿಯಂತೆ ಕಾಣುತ್ತದೆ. ನಮ್ಮಪ್ಪ ಬಾಡಿಗೆಯ ಮನೆಯ ಮುಂದಿನ ಕೋಣೆಯಲ್ಲಿ ಏಳು ಜನರಿಂದ ಸಭೆ ಆರಂಭಿಸಿದರು. ಭಾನುವಾರ ನನ್ನ ಓದುವ ಮೇಜು ಪೀಠವಾಗುತ್ತಿತ್ತು. "ವಿಶ್ವಾಸದ ಜೀವನ" ಎಂದರೆ ತಿಂಗಳ ಇಪ್ಪತ್ತನೆಯ ತಾರೀಖಿನ ನಂತರ ಅಕ್ಕಿಡಬ್ಬಿಯ ತಳ ಕಾಣುವುದು, ಎಲ್ಲರೂ ಮೊಣಕಾಲೂರುವುದು, ಮತ್ತು ಯಾರೋ ಬಾಗಿಲು ತಟ್ಟುವುದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದಲ್ಲ ಎರಡಲ್ಲ, ಹತ್ತಾರು ಸಲ. ಹಾಗಾಗಿ ದೇವರು ಪ್ರಾರ್ಥನೆಗೆ ಉತ್ತರ ಕೊಡುತ್ತಾನೆಯೇ ಎಂದು ಕಾಲೇಜಿನಲ್ಲಿ ಗೆಳತಿಯರು ಚರ್ಚಿಸುವಾಗ ನನಗೆ ಆ ಪ್ರಶ್ನೆಯೇ ವಿಚಿತ್ರವಾಗಿ ತೋರುತ್ತಿತ್ತು.

ಏಲಿಯ ಮೂರನೇ ಮಗ

ಬಾಗಿಲು ತಟ್ಟದ ದಿನಗಳಲ್ಲಿ ಏನು ಮಾಡುತ್ತಿದ್ದಿರಿ?

ಅಕ್ಕಿಡಬ್ಬಿ

ಕೇಳಿದ್ದು ಒಳ್ಳೆಯದಾಯಿತು. ಆ ದಿನಗಳಲ್ಲಿ ಅಮ್ಮನ ಹೊಲಿಗೆ ಯಂತ್ರ ರಾತ್ರಿ ಎರಡು ಗಂಟೆಯವರೆಗೂ ನಡೆಯುತ್ತಿತ್ತು. ದೇವರು ಮಾಡಿದ ಉಪಕಾರದ ಬಗ್ಗೆ ಅಪ್ಪ ಸಭೆಯಲ್ಲಿ ಸಾಕ್ಷಿ ಹೇಳುವಾಗ ಬಾಗಿಲು ತಟ್ಟಿದವರನ್ನು ಹೇಳುತ್ತಿದ್ದರು, ಹೊಲಿಗೆ ಯಂತ್ರವನ್ನು ಹೇಳುತ್ತಿರಲಿಲ್ಲ. ಅದು ಸರಿಯಲ್ಲವೆಂದು ನಾನು ಮೂವತ್ತನೆಯ ವಯಸ್ಸಿನಲ್ಲಿ ಅವರ ಮುಂದೆ ಹೇಳಿದೆ. ಮುಂದಿನ ಭಾನುವಾರ ಅವರು ಪೀಠದಿಂದ ಅಮ್ಮನ ಹೆಸರು ಹಿಡಿದು, ಇಷ್ಟು ವರ್ಷ ಅರ್ಧ ಸಾಕ್ಷಿ ಹೇಳಿದೆನೆಂದು ಒಪ್ಪಿಕೊಂಡರು. ಅಮ್ಮ ಮುಜುಗರದಿಂದ ಸೆರಗು ಮುಖಕ್ಕೆ ಹಿಡಿದುಕೊಂಡರು. ಆದರೂ ಬಾಗಿಲು ತಟ್ಟಿದ್ದು ಸುಳ್ಳಾಗುವುದಿಲ್ಲ.

ಕೊಂಕಣಿ ಸೋದರಳಿಯ

ಕಥೊಲಿಕರಾದ ನಮ್ಮಲ್ಲಿ ಪಾದ್ರಿಗಳಿಗೆ ಮಕ್ಕಳಿಲ್ಲ, ಸೋದರಳಿಯಂದಿರು ಮಾತ್ರ ಇದ್ದಾರೆ. ಆದರೆ "ಫಾದರರ ಅಳಿಯನಾಗಿ ಹೀಗೆ ಮಾಡಬಹುದೇ" ಎಂಬ ವಾಕ್ಯ ನಮಗೂ ತಪ್ಪಿಲ್ಲವೆಂದು ಸಂತಾಪಪೂರ್ವಕವಾಗಿ ತಿಳಿಸುತ್ತೇನೆ.

ಅಮ್ಮನವರು

ನಾನು ಈಗಲೂ ಸೇವೆಯಲ್ಲಿರುವ ಒಬ್ಬ ಸಭಾಪಾಲಕರ ಹೆಂಡತಿ. ಮಕ್ಕಳ ಪರವಾಗಿ ಅಲ್ಲ, ಮಕ್ಕಳನ್ನು ಬೆಳೆಸುತ್ತಿರುವವಳಾಗಿ ಬರೆಯುತ್ತೇನೆ. ಇಲ್ಲಿ ಇಷ್ಟು ಜನ ಏಲಿಯನ್ನು ಎಳೆದಾಡಿದರೂ ಆ ಕಥೆಯ ಮುಖ್ಯ ಮಗುವನ್ನು ಎಲ್ಲರೂ ಮರೆತಿದ್ದಾರೆ. ಶೀಲೋವಿನ ಆ ಮನೆಯಲ್ಲಿ ಬೆಳೆದವರು ಹೊಫ್ನಿ, ಫೀನೆಹಾಸರು ಮಾತ್ರವಲ್ಲ, ಸಮುವೇಲನೂ ಅಲ್ಲಿಯೇ ಬೆಳೆದನು. ರಾತ್ರಿ ದೇವರು ಹೆಸರು ಹಿಡಿದು ಕರೆದಾಗ ಆ ಹುಡುಗ ಮೂರು ಸಲವೂ ಏಲಿಯ ಬಳಿಗೆ ಓಡಿದನು. ಅದು ಯಾರ ಸ್ವರವೆಂದು ಅವನಿಗೆ ತಿಳಿದಿರಲಿಲ್ಲ. ಕಣ್ಣು ಮಂಜಾದ, ಸ್ವಂತ ಮಕ್ಕಳ ವಿಷಯದಲ್ಲಿ ಸೋತ ಆ ಮುದುಕನಿಗೆ ಅದು ತಿಳಿಯಿತು. "ಹೋಗಿ ಮಲಗಿಕೋ, ಇನ್ನೊಮ್ಮೆ ಕರೆದರೆ ಹೀಗೆ ಹೇಳು" ಎಂದು ಕಳುಹಿಸಿದನು. ಉತ್ತರ ತಾನೇ ಕೊಡಲಿಲ್ಲ. ಸಭಾಪಾಲಕರ ಮನೆಯಲ್ಲಿ ಒಂದು ಮಗುವಿಗೆ ಸಿಗಬಹುದಾದದ್ದು ಇಷ್ಟೇ ಎಂದು ನನಗೆ ತೋರುತ್ತದೆ: ಆ ಸ್ವರವನ್ನು ಹಿಂದೆ ಒಮ್ಮೆ ಕೇಳಿದ್ದವರೊಬ್ಬರು ಪಕ್ಕದ ಕೋಣೆಯಲ್ಲಿ ಮಲಗಿರುತ್ತಾರೆ.

ಉಳಿದದ್ದು ನಮ್ಮ ಕೈಯಲ್ಲಿದೆ. ನಮ್ಮ ಮನೆಯಲ್ಲಿ ಕೆಲವು ನಿಯಮಗಳನ್ನು ಮಾಡಿದ್ದೇವೆ. ಮಕ್ಕಳ ಮಾತನ್ನಾಗಲಿ ತಪ್ಪನ್ನಾಗಲಿ ಅವರನ್ನು ಕೇಳದೆ ಪ್ರಸಂಗದಲ್ಲಿ ಉದಾಹರಣೆಯಾಗಿ ಹೇಳುವಂತಿಲ್ಲ. ಹಾಡಲು ಜನ ಸಿಗಲಿಲ್ಲವೆಂದು ಕೊನೆಯ ಗಳಿಗೆಯಲ್ಲಿ ಅವರನ್ನು ಮುಂದೆ ತಳ್ಳುವಂತಿಲ್ಲ. ಸಭಾ ಹಿರಿಯರೊಡನೆ ನಡೆದ ಜಗಳವನ್ನು ಊಟದ ಹೊತ್ತಿನಲ್ಲಿ ತರುವಂತಿಲ್ಲ. ಮೂರನೆಯದನ್ನು ನಾವು ವಾರಕ್ಕೆ ಎರಡು ಸಲವಾದರೂ ಮುರಿಯುತ್ತೇವೆ.

ಬೆಟಗೇರಿಯವ

ಅಮ್ಮನವರ ಮಾತನ್ನು ಒಪ್ಪುತ್ತೇನೆ, ಮೂರನೆಯ ನಿಯಮವನ್ನು ಒಪ್ಪುವುದಿಲ್ಲ. ಮಕ್ಕಳಿಗೆ ಜಗಳ ಗೊತ್ತಾಗದಂತೆ ಇಡುವುದು ಸಾಧ್ಯವಿಲ್ಲ, ಹಳೆಯ ಬಂಗಲೆಗಳ ಗೋಡೆಗಳು ಹಂಚಿನವರೆಗೆ ಮುಟ್ಟುವುದಿಲ್ಲ. ಗೊತ್ತಾದದ್ದೇ ನನಗೆ ಒಳ್ಳೆಯದಾಯಿತು. ಶನಿವಾರ ರಾತ್ರಿ ಅಪ್ಪನನ್ನು ಬಾಯಿಗೆ ಬಂದಂತೆ ಬೈದು ಹೋದ ಹಿರಿಯರೊಬ್ಬರಿಗೆ ಭಾನುವಾರ ಬೆಳಿಗ್ಗೆ ಅದೇ ಅಪ್ಪ ಕರ್ತನ ಭೋಜನದ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಸಂಸ್ಕಾರದ, ರೊಟ್ಟಿ ಕೊಟ್ಟದ್ದನ್ನು ನಾನು ನೋಡಿದೆ. ಉಳಿದ ಸಭೆಗೆ ಅದು ಬರೀ ರೊಟ್ಟಿ ಕೊಡುವುದು. ಹಿಂದಿನ ರಾತ್ರಿಯ ಕಥೆ ಗೊತ್ತಿದ್ದ ನನಗೆ ಮಾತ್ರ ಅದು ಏನೆಂದು ತಿಳಿಯಿತು. ಕೈ ನಡುಗುತ್ತಿತ್ತು, ಅದನ್ನೂ ಹೇಳಬೇಕು.

ಹಳೆಯ ಕಡತ

ಕರೆಯ ಮಾತು ಬಂದುದರಿಂದ ಒಂದು ಉದಾಹರಣೆ. ಈ ಸಲ ಎರಡೆರಡು ಸಲ ಪರಿಶೀಲಿಸಿ ಬರೆಯುತ್ತಿದ್ದೇನೆ. ವೆಲ್ಲೂರಿನ ಆಸ್ಪತ್ರೆಯನ್ನು ಕಟ್ಟಿದ ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಮಿಶನರಿ ಕುಟುಂಬದಲ್ಲಿ ಹುಟ್ಟಿದವರು. ಅಜ್ಜ ಮಿಶನರಿ ವೈದ್ಯ, ತಂದೆಯೂ ಮಿಶನರಿ ವೈದ್ಯ. ತಾನು ಮಾತ್ರ ಈ ಬದುಕಿಗೆ ಬರುವುದಿಲ್ಲವೆಂದು ಆಕೆ ನಿಶ್ಚಯಿಸಿದ್ದರು. ತಾಯಿಯ ಕಾಯಿಲೆಗೆಂದು ತಿಂಡಿವನಕ್ಕೆ ಬಂದಿದ್ದಾಗ ಒಂದೇ ರಾತ್ರಿ ಮೂವರು ಗಂಡಂದಿರು, ಹೆರಿಗೆಯ ಸಂಕಟದಲ್ಲಿದ್ದ ಹೆಂಡತಿಯರಿಗಾಗಿ ಹೆಣ್ಣು ವೈದ್ಯರನ್ನು ಹುಡುಕಿಕೊಂಡು ಬಾಗಿಲಿಗೆ ಬಂದರು; ಗಂಡು ವೈದ್ಯನನ್ನು ಒಪ್ಪದೆ ಹಿಂದಿರುಗಿದರು; ಬೆಳಗಾಗುವಾಗ ಮೂವರು ಹೆಂಗಸರೂ ತೀರಿಹೋಗಿದ್ದರು. ಆಕೆ ವೈದ್ಯೆಯಾಗಲು ಹೊರಟದ್ದು ಆ ಬೆಳಿಗ್ಗೆ. ಮನೆತನದ ಪರಂಪರೆ ಆಕೆಯನ್ನು ಒಪ್ಪಿಸಲಿಲ್ಲ. ಆದರೆ ಆ ಮೂವರು ಬಂದು ತಟ್ಟಿದ್ದು ಆ ಮನೆಯ ಬಾಗಿಲನ್ನೇ ಅಲ್ಲವೇ?

ಏಲಿಯ ಮೂರನೇ ಮಗ

ಸಮುವೇಲನ ವಿಷಯ ಓದಿದ ಮೇಲೆ ಎರಡು ದಿನ ಸುಮ್ಮನಿದ್ದೆ. ಸೋತೆನೆಂದು ತಿಳಿಯಬೇಡಿ, ಕೇಳದೆ ಕೊಟ್ಟ ದೃಢೀಕರಣದ ಬಗ್ಗೆ ನನ್ನ ಮಾತು ಈಗಲೂ ಅದೇ.

ಆದರೆ ಹನ್ನೆರಡು ವರ್ಷ ಸಭೆಯ ಹೊರಗಿದ್ದೆನೆಂದು ಬರೆದೆನಲ್ಲ, ಆ ಹನ್ನೆರಡು ವರ್ಷವೂ ದೇವರಿಲ್ಲವೆಂದು ಹೇಳಲು ನನ್ನಿಂದ ಆಗಲಿಲ್ಲ. ಕಾರಣ ಪ್ರಸಂಗಗಳಲ್ಲ, ವಚನಗಳೂ ಅಲ್ಲ. ನಾನು ಹತ್ತು ವರ್ಷದವನಿದ್ದಾಗ ನಮ್ಮ ಸಭೆಯ ಒಂದು ಮನೆಯಲ್ಲಿ ಮೂರು ವರ್ಷದ ಮಗು ಬಾವಿಗೆ ಬಿದ್ದು ಸತ್ತಿತು. ಅಪ್ಪ ಸಮಾಧಿಯ ಬಳಿ ನಿಂತು ಗಟ್ಟಿ ಸ್ವರದಲ್ಲಿ ಪುನರುತ್ಥಾನದ ಮಾತುಗಳನ್ನು ಓದಿದರು. ಮನೆಗೆ ಬಂದು ನಿಲುವಂಗಿಯನ್ನೂ ತೆಗೆಯದೆ ಹಿತ್ತಲ ಮೆಟ್ಟಿಲಿನ ಮೇಲೆ ಕುಳಿತು, "ಏಕೆ ಹೀಗೆ ಮಾಡಿದೆ, ಏಕೆ ಹೀಗೆ ಮಾಡಿದೆ" ಎಂದು ಅತ್ತರು. ಅವರು ಅಮ್ಮನೊಡನೆ ಮಾತನಾಡುತ್ತಿರಲಿಲ್ಲ, ಅಮ್ಮ ಒಳಗಿದ್ದರು. ನಾನು ಪಂಪಿನ ಹಿಂದೆ ನಿಂತಿದ್ದುದು ಅವರಿಗೆ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಎಂದಿನಂತೆ ದೀಪ ಹಚ್ಚಿ ಸತ್ಯವೇದ ತೆರೆದು ಕುಳಿತರು. ಸಭೆಯವರು ಕಂಡದ್ದು ಸಮಾಧಿಯ ಬಳಿಯ ಅಯ್ಯನವರನ್ನು. ಹಿತ್ತಲಿನ ಮೆಟ್ಟಿಲನ್ನೂ ಬೆಳಗಿನ ದೀಪವನ್ನೂ ಕಂಡವನು ನಾನೊಬ್ಬನೇ. ಯಾರೂ ಇಲ್ಲದ ಕಡೆಗೆ ಮನುಷ್ಯ ಅಷ್ಟು ಸಿಟ್ಟಿನಿಂದ ಮಾತನಾಡುವುದಿಲ್ಲ.

ಇದನ್ನು ಲಾಭವೆನ್ನುವುದಾದರೆ ಅನ್ನಿರಿ. ನಾನು ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಕುಸ್ವಾರ್ ತಟ್ಟೆ

ನನ್ನ ಕೇಕಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹಂಚಿನಮನೆ ಮಗಳು

ಹಿಂದಕ್ಕೆ ತೆಗೆದುಕೊಳ್ಳಬೇಡಿ. ಅಪ್ಪ ಬಡವರ ಮನೆಯ ತಟ್ಟೆಯನ್ನು ಮೊದಲು ಬಿಚ್ಚಿಸುತ್ತಿದ್ದುದು ನನಗೆ ನೆನಪಾದದ್ದು ನಿಮ್ಮಿಂದಲೇ.

ಎಲ್ಲವನ್ನೂ ಪತಿಗೆ ಓದಿ ಹೇಳಿದೆ. ಏಲಿಯ ಮೂರನೇ ಮಗನವರ ಮೊದಲ ಬರಹಕ್ಕೆ ಅವರು ತುಂಬ ಹೊತ್ತು ಉತ್ತರ ಕೊಡಲಿಲ್ಲ, ಅದೇ ನನಗೆ ಸ್ವಲ್ಪ ಧೈರ್ಯ ಕೊಟ್ಟಿತು. ಮಗಳನ್ನು ಹತ್ತಿರ ಕರೆದು, "ನಾನು ಹೋಗುತ್ತಿದ್ದೇನೆಂದು ನೀನು ಹೋದಂತೆ ಆಗುವುದಿಲ್ಲ, ನಿನ್ನ ದೃಢೀಕರಣದ ತರಗತಿಯನ್ನು ಬೇರೆ ಸಭಾಪಾಲಕರು ತೆಗೆದುಕೊಳ್ಳಲಿ, ನಿನಗೆ ಮನಸ್ಸಿಲ್ಲದಿದ್ದರೆ ಅವರಿಗೆ ಹೇಳು" ಎಂದರು. ಅವಳು ತಲೆಯಾಡಿಸಿದಳು, ಒಪ್ಪಿಗೆಯೋ ಅಲ್ಲವೋ ಗೊತ್ತಿಲ್ಲ. ಮಗ ಕೇಳಿದ್ದು ಒಂದೇ: ಶಾಲೆಯ ಕ್ರೀಡಾದಿನ ಮುಗಿಯುವುದರೊಳಗೆ ಮನೆ ಬದಲಾಯಿಸಬೇಕೇ? ಇಲ್ಲ, ಈ ವರ್ಷವಂತೂ ಇಲ್ಲ ಎಂದೆ.

ಅತ್ತೆಯವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಭಾನುವಾರ ಬರುತ್ತಾರೆ. ಬಾಯಿಪಾಠದಿಂದ ಶುರುಮಾಡುವುದಿಲ್ಲ, ಜಗಲಿಯಿಂದ ಶುರುಮಾಡುತ್ತೇನೆ: ಒಂದು ಮಳೆಗಾಲದ ರಾತ್ರಿ ಮೂರು ಗಂಟೆಗೆ ಬಂದು, ಏನನ್ನೂ ಕೇಳದೆ, ಅಪ್ಪ ಪಕ್ಕದಲ್ಲಿ ಕುಳಿತಿದ್ದರೆ ಸಾಕೆಂದು ಬೆಳಗಿನವರೆಗೆ ಕುಳಿತು ಹೋದ ಒಬ್ಬ ಮೀನುಗಾರರಿಂದ. ಅಪ್ಪ ಆ ರಾತ್ರಿ ಒಂದು ಮಾತನ್ನೂ ಆಡಲಿಲ್ಲ.

ಬೀದರಿನ ಪೆಟ್ಟಿಗೆ

ಹೊರಡುವುದು ನಿಶ್ಚಯವಾದರೆ ಒಂದು ವಿಷಯ ತಿಳಿಸುತ್ತೇನೆ. ಮರದ ಬೀರುವನ್ನು ಬೆಂಗಳೂರಿನಲ್ಲಿಯೇ ಯಾರಿಗಾದರೂ ಕೊಟ್ಟು, ನಾಲ್ಕು ಒಳ್ಳೆಯ ತಗಡಿನ ಪೆಟ್ಟಿಗೆಗಳನ್ನು ಕೊಳ್ಳಿರಿ; ಮಕ್ಕಳಿಬ್ಬರಿಗೂ ಬೀಗವಿರುವ ಒಂದೊಂದು ಪೆಟ್ಟಿಗೆ ಬೇರೆಯಾಗಿಯೇ ಇರಲಿ, ಅದರ ಕೀಲಿಯನ್ನು ನೀವು ಕೇಳಬೇಡಿರಿ.